ಅರ್ಧ ತಾಸಿನ ಕತ್ತಲು

ಹೊಳೆದಂಡೆಯ ಎತ್ತರದ ಕಂಬಗಳು ಮೊದಲು ಆರಿದವು. ಅವುಗಳ ಹಿಂದೆಯೇ ಬಸ್ ನಿಲ್ದಾಣ, ಮಿರ್ಚಿ ಭಜಿಯ ಬಂಡಿಗಳು, ಟಾಕೀಸು, ಅಕ್ಕಿ ಗಿರಣಿ, ಮನೆಮನೆಯ ಕಿಟಕಿಗಳು. ಎರಡು ಸಲ ಉಸಿರು ಬಿಡುವಷ್ಟರಲ್ಲಿ ಹಿರೇಮಡು ತಾಲೂಕು ಪೂರ್ತಿ ಕಪ್ಪಾಯಿತು. ಗಾಳಿಗುಡ್ಡದ ಮೇಲಿನ ವೀಕ್ಷಣಾಲಯದ ಕಿಟಕಿಯಲ್ಲಿ ನಿಂತಿದ್ದ ನೀಲಾಂಬಿಕಾ ಅಬ್ಬಿಗೇರಿ ಎಂಟು ವರ್ಷದಿಂದ ಈ ನೋಟವನ್ನು ನೋಡುತ್ತ ಬಂದಿದ್ದಳು. ಆದರೂ ಪ್ರತಿ ಸಲ ಅವಳ ಮೈ ಜುಮ್ಮೆನ್ನುತ್ತಿತ್ತು. ಈ ಕತ್ತಲೆಯನ್ನು ಕಂಡುಹಿಡಿದವಳು ಅವಳೇ ಅಲ್ಲವೆ!

ಕೆಳಗಿನ ಮಂದಿಗೆ ಇದು ಹೊಸದಲ್ಲ. ಗಾಡಿಯವರು ಗಾಡಿಯನ್ನು ರಸ್ತೆಯ ಮಗ್ಗುಲಿಗೆ ತಂದು ನಿಲ್ಲಿಸುತ್ತಾರೆ. ಭಜಿಯವಳು ಒಲೆ ಆರಿಸಿ ಬಾಣಲೆಗೆ ತಟ್ಟೆ ಮುಚ್ಚುತ್ತಾಳೆ. ನಡೆದು ಹೋಗುತ್ತಿದ್ದವರು ಸಿಕ್ಕ ಕಟ್ಟೆಯ ಮೇಲೆ ಕೂತು, ಪಕ್ಕದವರು ಯಾರೆಂದು ದನಿಯಿಂದಲೇ ಗುರುತು ಹಿಡಿದು ಹರಟೆಗೆ ಇಳಿಯುತ್ತಾರೆ. "ಕಣ್ಣಾಮುಚ್ಚಾಲಿ ಶುರುವಾತು, ಕಿಸೆ ಗಟ್ಟಿ ಹಿಡಕೊಳ್ರೆಪಾ" ಎಂದು ಯಾರೋ ಒಬ್ಬ ಕೂಗುತ್ತಾನೆ, ಉಳಿದವರು ನಗುತ್ತಾರೆ. ಸರ್ಕಾರದ ಕಾಗದಪತ್ರದಲ್ಲಿ ಈ ಯಂತ್ರಕ್ಕೆ ‘ತಮೋಜಾಲ’ ಎಂಬ ಘನವಾದ ಹೆಸರಿತ್ತು. ಆ ಹೆಸರಿನಿಂದ ಕರೆದ ಒಬ್ಬ ನರಮನುಷ್ಯನನ್ನೂ ನೀಲಾಂಬಿಕಾ ಈ ತಾಲೂಕಿನಲ್ಲಿ ಕಂಡಿರಲಿಲ್ಲ.

ಯಂತ್ರವೆಂದರೆ ದೊಡ್ಡದೇನಲ್ಲ. ಬೀದಿಯ ಕಂಬವಿರಲಿ, ಮನೆಯ ಬಲ್ಬಿರಲಿ, ಗಾಡಿಯ ಹೆಡ್‌ಲೈಟಿರಲಿ, ಫೋನಿನ ಪರದೆಯಿರಲಿ, ಪ್ರತಿಯೊಂದರ ಒಳಗೂ ಗುಲಗಂಜಿಗಿಂತ ಚಿಕ್ಕದಾದ ಒಂದು ಚಿಪ್. ಗುಡ್ಡದಿಂದ ಸಂಕೇತ ಬಂದೊಡನೆ ಅದು ದೀಪವನ್ನು ಆರಿಸುತ್ತದೆ, ಇನ್ನೊಂದು ಸಂಕೇತ ಬರುವವರೆಗೆ ಹೊತ್ತಿಸಲು ಬಿಡುವುದಿಲ್ಲ. ಕಿಟಕಿಯಿಲ್ಲದ ಆಪರೇಷನ್ ಕೋಣೆ, ನೆಲಮಾಳಿಗೆ, ಗುಡ್ಡದ ಮೇಲಿನ ಮಂದ ಕೆಂಪು ಪರದೆ ಇಂಥವನ್ನು ಬಿಟ್ಟರೆ ಯಾವ ದೀಪಕ್ಕೂ ವಿನಾಯಿತಿ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದರು. ಒಂದು ಕಂಬಕ್ಕೆ ಸಡಿಲ ಬಿಟ್ಟರೆ ಮರುದಿನ ಶಾಸಕರ ಮನೆಯ ದೀಪ, ಅದರ ಮರುದಿನ ಶಾಸಕರ ಬೀಗರ ಮನೆಯ ದೀಪ ಸಾಲುಗಟ್ಟಿ ನಿಲ್ಲುತ್ತವೆಂದು ನೀಲಾಂಬಿಕಾಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಇಡೀ ತಾಲೂಕಿಗೆ ಒಂದೇ ಸಂಕೇತ. ಆರಿದರೆ ಎಲ್ಲ ಆರಬೇಕು, ಹೊತ್ತಿದರೆ ಎಲ್ಲ ಹೊತ್ತಬೇಕು.

ಇಷ್ಟೆಲ್ಲ ಕತ್ತಲು ಯಾತಕ್ಕೆ? ಸೂರ್ಯನಿಗಿಂತ ಹತ್ತಾರು ಪಟ್ಟು ಭಾರದ ನಕ್ಷತ್ರವೊಂದು, ಉರಿಯಲು ಒಳಗೆ ಏನೂ ಉಳಿಯದೆ, ತನ್ನ ಮೇಲೆ ತಾನೇ ಕುಸಿದು ಕಪ್ಪುಕುಳಿಯಾಗುವಾಗ ಎರಡು ದಿಕ್ಕಿಗೆ ಬೆಂಕಿಯ ಬುಗ್ಗೆ ಚಿಮ್ಮುತ್ತದೆ. ಅದರ ಮೊನೆ ನಮ್ಮ ಕಡೆಗೆ ತಿರುಗಿದ್ದರೆ ಉಪಗ್ರಹಗಳಿಗೆ ಗಾಮಾ ಕಿರಣಗಳ ಸ್ಫೋಟ ಕಾಣಿಸುತ್ತದೆ, ಅವು ಸುದ್ದಿ ಕೊಟ್ಟೊಡನೆ ಗುಡ್ಡದವರು ಊರಿನ ದೀಪ ಆರಿಸುತ್ತಾರೆ. ದೀರ್ಘ ಸ್ಫೋಟ ಅನ್ನಿಸಿಕೊಂಡದ್ದೂ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದರೆ ಅದರ ಅತಿಶಕ್ತಿಯ ಕಿರಣಗಳಿವೆಯಲ್ಲ, ಕಣ್ಣಿಗೆ ಕಾಣುವ ಬೆಳಕಿಗಿಂತ ಲಕ್ಷ ಕೋಟಿ ಪಟ್ಟು ಶಕ್ತಿಯವು, ಅವು ತುಸು ತಡವಾಗಿ ಬಂದು ಬಹಳ ಹೊತ್ತು ಉಳಿಯುತ್ತವೆ. ಒಗ್ಗರಣೆಯ ಚಟಪಟ ನಿಂತ ಮೇಲೂ ಅದರ ಘಮ ಮನೆಯಲ್ಲಿ ಉಳಿದ ಹಾಗೆ. ಆ ಕಿರಣ ನೆಲ ಮುಟ್ಟುವುದಿಲ್ಲ. ಮೇಲಿನ ಗಾಳಿಗೆ ಬಡಿದು, ಕಣಗಳ ಜಡಿಮಳೆಯಾಗಿ ಒಡೆದು, ತೆಳ್ಳನೆಯ ನೀಲಿ ಮಿಂಚೊಂದನ್ನು ಬಿಡುತ್ತದೆ. ಕಣ್ಣೆವೆ ಬಡಿಯುವ ಕಾಲವನ್ನು ಕೋಟಿ ಚೂರು ಮಾಡಿದರೆ ಒಂದು ಚೂರು ಎಷ್ಟೋ ಅಷ್ಟೇ ಅದರ ಆಯುಸ್ಸು. ಗಾಳಿಗುಡ್ಡದ ಹನ್ನೆರಡು ದೊಡ್ಡ ಕನ್ನಡಿಗಳು ಹಿಡಿಯಬೇಕಾದದ್ದು ಆ ಮಿಂಚನ್ನು. ಕೆಳಗೆ ಊರು ಝಗಝಗಿಸುತ್ತಿದ್ದರೆ ಅದು ಕಾಣುವ ಮಾತೇ ಇಲ್ಲ.

"ಮೇಡಂ, ಬನ್ನಿ ಇಲ್ಲಿ! ಎಷ್ಟು ಜೋರಾಗಿದೆ ನೋಡಿ" ಎಂದು ಪ್ರಮಥ ಕೂಗಿದ. ಮೈಸೂರಿನ ಕಡೆಯ ಈ ಯುವ ವಿಜ್ಞಾನಿ ನೀಲಾಂಬಿಕಾಳ ಬಲಗೈ. ಮಂದ ಕೆಂಪು ಪರದೆಯ ಮೇಲೆ ಮಿಂಚುಗಳ ಎಣಿಕೆಯ ಗೆರೆ ಮೇಲಕ್ಕೆ ಹತ್ತುತ್ತಿತ್ತು. ಇಲ್ಲಿಯವರೆಗೆ ಅವರಿಗೆ ಸಿಕ್ಕ ಸ್ಫೋಟಗಳೆಲ್ಲ ದೂರದವು, ಬಡಕಲು. ಐದು ನಿಮಿಷ ಮಿನುಗಿ ಸುಮ್ಮನಾಗುತ್ತಿದ್ದವು. ಇದು ಹಾಗಲ್ಲ. ಖಗೋಳದವರ ಲೆಕ್ಕದಲ್ಲಿ ಇದು ಪಕ್ಕದ ಓಣಿಯಲ್ಲೇ ಆದ ಸ್ಫೋಟ. ಇಂಥದ್ದು ಸಾವಿರ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅದೂ ಎಂಥ ಹೊತ್ತಿಗೆ! ಪಶ್ಚಿಮದ ದೂರದರ್ಶಕಗಳಿಗೆ ಇನ್ನೂ ಹಗಲು, ಪೂರ್ವದವಕ್ಕೆ ಮೋಡ. ಇಡೀ ಭೂಮಿಯ ಮೇಲೆ ಈ ಬೆಳಕನ್ನು ಹಿಡಿಯಬಲ್ಲ ಕಣ್ಣು ಇದೊಂದೇ.

ನೀಲಾಂಬಿಕಾಗೆ ಬೇಕಾಗಿದ್ದದ್ದು ಒಂದೇ ಒಂದು ಸಂಗತಿ: ಅತಿಶಕ್ತಿಯ ಆ ಬೆಳಕು ಹುಟ್ಟಿದಾಗಿನಿಂದ ಸಾಯುವವರೆಗಿನ ಪೂರ್ತಿ ದಾಖಲೆ. ಅದು ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಇಳಿಯುತ್ತದೆ ಎಂಬುದು ತಿಳಿದರೆ ಕಪ್ಪುಕುಳಿಯ ಬಾಯಿಯಲ್ಲಿ ಏನು ನಡೆಯುತ್ತದೆಂದು ಹೇಳಬಹುದು. ಅದಕ್ಕಾಗಿ ಮದುವೆ ಬಿಟ್ಟಳು, ಹೊರದೇಶದ ಕೆಲಸ ಬಿಟ್ಟಳು, ಈ ಕಲ್ಲುಗುಡ್ಡದ ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು.

ಸಿದ್ಧಾಂತದ ಪ್ರಕಾರ ಗೆರೆ ಇಷ್ಟು ಹೊತ್ತಿಗೆ ಕೆಳಗಿಳಿಯಬೇಕಿತ್ತು. ಒಮ್ಮೆ ಇಳಿಯಿತು ಕೂಡ. ಆಮೇಲೆ, ಯಾರೂ ಎಣಿಸದ ಹಾಗೆ, ಮತ್ತೆ ಏರತೊಡಗಿತು.

"ಏರ್ತಾ ಇದೆ ಮೇಡಂ. ಇದು ಏರಬಾರದು. ಇದು... ಇದನ್ನ ಯಾರೂ ನೋಡೇ ಇಲ್ಲ" ಎಂದ ಪ್ರಮಥ, ಪರದೆಗೆ ಇನ್ನಷ್ಟು ಬಾಗಿ.

ಆಗಲೇ ದೀಪಗಳ ಉಸ್ತುವಾರಿಯ ಖಾಜಾಹುಸೇನ ಕೆಮ್ಮಿದ. ಹಿರೇಮಡುವಿನವನೇ, ಐವತ್ತು ದಾಟಿದ ಮನುಷ್ಯ. "ಅಕ್ಕಾರ, ಹೊತ್ತಾತು. ಅರ್ಧ ತಾಸು ಮುಗಿಯಾಕ ಬಂತು. ದೀಪ ಬಿಡ್ಲಿ?"

ಅರ್ಧ ತಾಸು! ಎಂಟು ವರ್ಷದ ಹಿಂದೆ ಹೊಳೆದಂಡೆಯ ಗ್ರಾಮಸಭೆಯಲ್ಲಿ ಅವಳೇ ಕೊಟ್ಟ ಮಾತು. ಜನ ಒಪ್ಪಲು ತಯಾರಿರಲಿಲ್ಲ. ಕತ್ತಲಾದರೆ ಕಳ್ಳಕಾಕರು, ಹಾವುಹುಪ್ಪಟೆ ಎಂದು ಗದ್ದಲ ಎದ್ದಿತ್ತು. ಕೊನೆಗೆ ಎದ್ದು ನಿಂತವಳು ಹಂಪವ್ವ. ಹರಿಗೋಲು ನಡೆಸುವ ಅಂಬಿಗರ ಮಾರೆಪ್ಪನ ತಾಯಿ, ಆ ದಂಡೆಯಲ್ಲಿ ಅವಳ ಮಾತಿಗೆ ಎದುರಾಡುವವರಿಲ್ಲ. "ಈ ಹೆಣ್ಮಗಳು ದೇವರ ಮನಿ ದೀಪ ನೋಡ್ತೀನಿ ಅಂತಾಳ. ನಾವು ಅರ್ಧ ತಾಸು ಕಣ್ಣ ಮುಚ್ಚಿದ್ರ ಗಂಟೇನು ಹೋಗ್ತೈತಿ?" ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದ್ದಳು. ಸಂಜೆಗೆ ಒಂದೇ ಸಲ ಕತ್ತಲು, ಅರ್ಧ ತಾಸಿಗಿಂತ ಒಂದು ನಿಮಿಷ ಹೆಚ್ಚಿಲ್ಲ ಎಂದು ನೀಲಾಂಬಿಕಾ ಕೈಮುಗಿದು ಹೇಳಿದ್ದಳು. ದೀಪ ಒಮ್ಮೆ ಬಂದ ಮೇಲೆ ಮರುದಿನದವರೆಗೆ ಕತ್ತಲೆಯ ಸಂಕೇತವನ್ನು ಒಪ್ಪದಂತೆ ಚಿಪ್‌ಗಳನ್ನೂ ಕಟ್ಟಿಸಿದ್ದಳು. ಕತ್ತಲೆಯನ್ನು ಲಂಬಿಸುವ ಗುಂಡಿಯೊಂದು ಇತ್ತು. ಪರೀಕ್ಷೆಗೆಂದು ಇಟ್ಟದ್ದು, ಯಾರೂ ಮುಟ್ಟಿರಲಿಲ್ಲ.

"ಬಿಡಬ್ಯಾಡ್ರಿ. ಇನ್ನೂ ಅರ್ಧ ತಾಸು ಮುಂದಕ್ಕ ಹಾಕ್ರಿ" ಎಂದಳು ನೀಲಾಂಬಿಕಾ.

ಖಾಜಾಹುಸೇನ ಅವಳ ಮುಖ ನೋಡಿದ. "ಮಂದಿಗೆ ಒಂದ್ ಮಾತು ಹೇಳಬೇಕಾಗಿತ್ತಲ್ರಿ?"

"ಹೇಳಿದ್ರ ಬ್ಯಾಡ ಅಂತಾರ." ಇಷ್ಟು ಹೇಳಿ ಅವಳೇ ಕೈ ಚಾಚಿ ಗುಂಡಿ ಒತ್ತಿದಳು. ಅನಿಸಿದ್ದನ್ನು ಮುಚ್ಚಿಡುವುದೇಕೆ, ಆ ಗಳಿಗೆಯಲ್ಲಿ ಅವಳಿಗೆ ನಾಚಿಕೆಯೂ ಆಗಲಿಲ್ಲ, ಅಂಜಿಕೆಯೂ ಆಗಲಿಲ್ಲ. ಹಸಿದವನ ಮುಂದಿನ ಎಲೆಯನ್ನು ಯಾರೋ ಎಳೆದುಕೊಳ್ಳಲು ಬಂದಂತೆ ಆಗಿತ್ತು, ಅವಳು ಎಲೆಯನ್ನು ಬಿಗಿಯಾಗಿ ಹಿಡಿದಳು ಅಷ್ಟೆ.

ಸ್ವಲ್ಪ ಹೊತ್ತಿಗೆ ದೂರದಲ್ಲಿ, ಹೊಳೆಯ ಮೇಲ್ಭಾಗದ ಬ್ಯಾರೇಜಿನ ಸೈರನ್ ಕೂಗಿತು. ಕತ್ತಲಿನ ಕೊನೆಗೆ ಯಾವಾಗಲೂ ಕೇಳುವ ಸದ್ದು, ಯಾರೂ ತಲೆ ಎತ್ತಲಿಲ್ಲ. ಮೂವರ ಕಣ್ಣೂ ಗೆರೆಯ ಮೇಲೆಯೇ ಇದ್ದವು. ಅದು ಏರುತ್ತಲೇ ಇತ್ತು.

ಹತ್ತು ನಿಮಿಷ ಕಳೆದಿರಬೇಕು, ಮೇಜಿನ ಮೇಲಿನ ಫೋನು ಗುಣುಗುಟ್ಟಿತು. ಹಂಪವ್ವ.

"ಅಕ್ಕಾರ, ದೀಪ ಯಾಕ ಬರಲಿಲ್ರಿ? ಏನರ ಕೆಟ್ಟೈತೇನು?"

"ಕೆಟ್ಟಿಲ್ಲವ್ವ, ಇವತ್ತು ತುಸು ತಡ ಆಗ್ತೈತಿ. ಯಾಕ?"

"ಅಯ್ಯ ನನ್ನವ್ವ! ಮಾರೆಪ್ಪನ ಹರಿಗೋಲು ನಡುಹೊಳ್ಯಾಗ ಐತ್ರಿ. ಬಾಳಿತೋಟಕ್ಕ ಹೋದ ಹೆಣಮಕ್ಕಳು ಹತ್ತು ಮಂದಿ ಅದಾರ, ನನ್ನ ಸೊಸಿನೂ ಅದಾಳ. ಕತ್ತಲಾತು ಅಂತ ದೊಡ್ಡ ಕಲ್ಲಿಗೆ ಹಗ್ಗ ಕಟ್ಟಿ ಕುಂತಾರ. ಸೈರನ್ ಆತು, ನೀರ ಬಿಟ್ಟಾರ. ದೀಪ ಮಾತ್ರ ಬರವಲ್ದು!"

ಏನಾಗಿದೆ ಎಂಬುದು ನೀಲಾಂಬಿಕಾಗೆ ಒಂದೇ ಏಟಿಗೆ ಹೊಳೆಯಿತು. ಇಡೀ ತಾಲೂಕಿನ ದೀಪ ಒಟ್ಟಿಗೆ ಹೊತ್ತಿದಾಗ ಒಮ್ಮೆಲೇ ಬಹಳ ವಿದ್ಯುತ್ ಬೇಕು. ಅದಕ್ಕಾಗಿ ಮೇಲಿನ ಬ್ಯಾರೇಜಿನವರು ಅರ್ಧ ತಾಸು ಆಗುತ್ತಲೇ ಸೈರನ್ ಕೂಗಿಸಿ, ಗೇಟು ಎತ್ತಿ, ಟರ್ಬೈನಿಗೆ ನೀರು ಬಿಡುತ್ತಾರೆ. ಸೈರನ್ ಮತ್ತು ದೀಪ ಎಂಟು ವರ್ಷ ಜೋಡಿಯಾಗಿಯೇ ಬಂದಿವೆ. ಆ ನೀರು ದಂಡೆಗೆ ಬಂದು ಮುಟ್ಟಲು ಇಪ್ಪತ್ತು ನಿಮಿಷ. ಅಷ್ಟರೊಳಗೆ ಅಂಬಿಗರು ಕಂಬದ ಬೆಳಕಿನಲ್ಲಿ ಬಂಡೆಗಳ ನಡುವೆ ದಾರಿ ನೋಡಿಕೊಂಡು ದಾಟಿ ಬಿಡುತ್ತಾರೆ. ಊರಿನ ಎಲ್ಲರ ಬದುಕೂ ಆ ಅರ್ಧ ತಾಸಿಗೆ ಗಂಟು ಬಿದ್ದಿತ್ತು. ಅವಳೊಬ್ಬಳೇ ಆ ಗಂಟನ್ನು ಬಿಚ್ಚಿದ್ದಳು, ಯಾರಿಗೂ ಹೇಳದೆ.

ಅವಳು ಇನ್ನೊಂದು ಫೋನಿನಲ್ಲಿ ಬ್ಯಾರೇಜಿಗೆ ಕರೆ ಮಾಡಿದಳು. ಗೇಟಿನ ಗುರುಬಸಯ್ಯ ನೆಲದೊಳಗಿನ ಟರ್ಬೈನ್ ಕೋಣೆಯಲ್ಲಿದ್ದ, ಅಲ್ಲಿ ದೀಪ ಉರಿಯುತ್ತಲೇ ಇರುತ್ತದೆ.

"ಬಿಟ್ಟು ಹತ್ತು ನಿಮಿಷ ಆತಲ್ರಿ ಮೇಡಂ. ಊರಾಗ ದೀಪ ಬಂದಿಲ್ಲೇನು? ನಾ ಇಲ್ಲಿ ಕುಂತು ಹೆಂಗ ನೋಡ್ಲಿ?" ಅವನ ದನಿ ಮಧ್ಯದಲ್ಲೇ ಬದಲಾಯಿತು. "ಈಗಿಂದೀಗ ಗೇಟು ಇಳಸ್ತೀನ್ರಿ. ಆದ್ರ ಹೋದ ನೀರು ಹೋದಂಗ. ಅದನ್ನ ಹೊಳ್ಳಿ ಕರ್ಯಾಕ ಬರಂಗಿಲ್ಲ."

ಉಳಿದದ್ದು ಎಂಟು ನಿಮಿಷವೋ ಒಂಬತ್ತೋ. ದಾಟಲು ಅಷ್ಟೇ ಬೇಕು. ಕಿಟಕಿಯಾಚೆ ದಂಡೆಯಲ್ಲಿ ಒಂದು ಬೆಂಕಿ ಎದ್ದಿತು. ಯಾರೋ ಹುಲ್ಲಿನ ಹೊರೆಗೆ ಕಡ್ಡಿ ಗೀರಿದ್ದರು. ದಂಡೆ ಎಲ್ಲಿದೆ ಎಂದು ಅದರಿಂದ ತಿಳಿದೀತು, ನಡುಹೊಳೆಯಲ್ಲಿ ನೀರೊಳಗಿನ ಬಂಡೆ ಎಲ್ಲಿದೆ ಎಂದು ತಿಳಿಯುವುದಿಲ್ಲ.

"ದೀಪ ಹಾಕಿದರೆ ಕನ್ನಡಿಯ ಮುಚ್ಚಳ ತಾನೇ ಮುಚ್ಚಿಕೊಳ್ಳುತ್ತೆ ಮೇಡಂ" ಎಂದ ಪ್ರಮಥ. "ಇವತ್ತು ಮತ್ತೆ ಕತ್ತಲು ಸಿಗಲ್ಲ. ಇನ್ನೂ ಏರ್ತಾನೇ ಇದೆ. ಗೇಟು ಇಳಿಸಿದ್ರಲ್ಲ, ನೀರು ಕಮ್ಮಿ ಬರಬಹುದು. ಐದೇ ನಿಮಿಷ, ತುದಿ ಮುಟ್ಟೋದನ್ನ ನೋಡಿಬಿಡೋಣ..."

ಅವನನ್ನು ಬೈಯಲು ನೀಲಾಂಬಿಕಾಗೆ ಬಾಯಿ ಬರಲಿಲ್ಲ. ಅವನು ಆಡಿದ್ದು ಅವಳ ಒಳಗಿನ ಮಾತನ್ನೇ. ನೀರು ಕಮ್ಮಿ ಬರಬಹುದು. ಕಲ್ಲು ದೊಡ್ಡದು, ಮುಳುಗಲಿಕ್ಕಿಲ್ಲ. ಮಾರೆಪ್ಪ ಹುಷಾರಿನವನು. ಅವಳು ಗೆರೆಯನ್ನು ನೋಡಿದಳು. ಭೂಮಿಯ ಮೇಲೆ ಜೀವ ಇನ್ನೂ ಬರಿಯ ಪಾಚಿಯಾಗಿದ್ದ ಕಾಲದಲ್ಲಿ ಹೊರಟ ಬೆಳಕು ಈಗ ಬಂದು ಅವಳ ಕನ್ನಡಿಯಲ್ಲಿ ಬೀಳುತ್ತಿತ್ತು. ಒಂದು ನಿಮಿಷ, ಪೂರ್ತಿ ಒಂದು ನಿಮಿಷ, ಅವಳು ಹಾಗೆಯೇ ನಿಂತುಬಿಟ್ಟಳು.

ಕೈಯಲ್ಲಿದ್ದ ಫೋನಿನಿಂದ ಹಂಪವ್ವನ ದನಿ ಕೇಳಿಸಿತು. ಅವಳು ಕೂಗುತ್ತಿರಲಿಲ್ಲ, ಅಳುತ್ತಿರಲಿಲ್ಲ.

"ಅಕ್ಕಾರ, ಅರ್ಧ ತಾಸು ಅಂತ ನೀವ ಹೇಳಿದ್ರಿ. ನಿಮ್ಮ ಮಾತು ನಂಬ್ರಿ ಅಂತ ಮಂದಿಗೆ ನಾ ಹೇಳಿದ್ದೆ."

"ಹಾಕ್ರಿ ದೀಪ!" ನೀಲಾಂಬಿಕಾ ಕಿರುಚಿದಳು. "ಖಾಜಾ, ಹಾಕ್ರಿ, ಹಾಕ್ರಿ!"

ಖಾಜಾಹುಸೇನನ ಕೈ ಮೊದಲೇ ಗುಂಡಿಯ ಮೇಲಿತ್ತು. ಊರು ಧಗ್ಗನೆ ಬೆಳಗಿತು. ಮೇಲೆ ಹನ್ನೆರಡು ಕನ್ನಡಿಗಳ ಮುಚ್ಚಳ ಒಂದರ ಹಿಂದೆ ಒಂದು ದಡದಡ ಮುಚ್ಚಿಕೊಂಡವು. ಪರದೆಯ ಮೇಲಿನ ಗೆರೆ ಏರುತ್ತಿದ್ದ ಕಡೆಯೇ ಕತ್ತರಿಸಿ ನಿಂತಿತು. ಪ್ರಮಥ ತಲೆ ಹಿಡಿದುಕೊಂಡು ಕುಸಿದು ಕೂತ.

ನೀಲಾಂಬಿಕಾ ಪರದೆಯ ಕಡೆ ತಿರುಗಲಿಲ್ಲ. ಬೈನಾಕ್ಯುಲರ್ ಹಿಡಿದು ಕಿಟಕಿಗೆ ಒರಗಿದ್ದಳು. ಕಂಬಗಳ ಹಳದಿ ಬೆಳಕಿನಲ್ಲಿ ಹೊಳೆ ಅಗಲವಾಗಿ ಬಿದ್ದಿತ್ತು, ಅದರ ನಡುವೆ ಬುಟ್ಟಿಯಂಥ ಒಂದು ಕಪ್ಪು ಚುಕ್ಕೆ. ಅದು ಕಲ್ಲನ್ನು ಬಿಟ್ಟು ಹೊರಟಿತ್ತು. ಮಾರೆಪ್ಪ ನಿಂತುಕೊಂಡು ಹುಟ್ಟು ಹಾಕುತ್ತಿದ್ದ. ಅರ್ಧ ಹೊಳೆ ದಾಟುವಷ್ಟರಲ್ಲಿ ಮೇಲಿನ ತಿರುವಿನಲ್ಲಿ ನೀರಿನ ಬಣ್ಣ ಬದಲಾಯಿತು. ನೊರೆಯ ಸಾಲೊಂದು ದಂಡೆಯಿಂದ ದಂಡೆಗೆ ಹಬ್ಬಿಕೊಂಡು ಇಳಿದು ಬರುತ್ತಿತ್ತು. ಒಂದು ನಿಮಿಷ ನಿಂತುಬಿಟ್ಟೆನಲ್ಲ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು. ದಂಡೆಯ ಗಂಡಸರು ನಡುಮಟ್ಟ ನೀರಿಗೆ ಇಳಿದು ಹಗ್ಗ ಎಸೆದರು. ಮೊದಲ ಸಲ ಅದು ನೀರಿಗೆ ಬಿತ್ತು. ಎರಡನೆಯ ಸಲ ಯಾರದೋ ಕೈಗೆ ಸಿಕ್ಕಿತು. ನೊರೆ ಬಂದು ಹರಿಗೋಲನ್ನು ಎತ್ತಿ ಮಗುಚಿದಾಗ ಅದರೊಳಗಿನವರೆಲ್ಲ ಹಗ್ಗಕ್ಕೆ ಜೋತುಬಿದ್ದಿದ್ದರು. ಒಬ್ಬೊಬ್ಬರಾಗಿ ಎಳೆದುಕೊಂಡರು. ಅವಳು ತುಟಿ ಅಲುಗಿಸುತ್ತ ಎಣಿಸಿದಳು, ತಪ್ಪಿತು, ಮತ್ತೆ ಎಣಿಸಿದಳು. ಹತ್ತು ಹೆಂಗಸರು, ಒಬ್ಬ ಮಾರೆಪ್ಪ. ಹರಿಗೋಲೊಂದೇ ಹೋಗಿತ್ತು.

ಅವಳು ನೆಲದ ಮೇಲೆ ಕೂತು ಗೊಳೋ ಎಂದು ಅತ್ತಳು. ಯಾತಕ್ಕಾಗಿ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಆ ತುಂಡು ಗೆರೆ ಜಗತ್ತನ್ನೆಲ್ಲ ಸುತ್ತಿತು. ಅತಿಶಕ್ತಿಯ ಬೆಳಕು ಇಳಿದ ಮೇಲೆ ಮತ್ತೆ ಏರುತ್ತದೆ ಎಂದು ಮನುಷ್ಯ ಮೊದಲ ಸಲ ಕಂಡಿದ್ದ. ಏರಿ ಎಲ್ಲಿಗೆ ಹೋಯಿತು, ಎಷ್ಟು ಹೊತ್ತು ಉಳಿಯಿತು? ಕಪ್ಪುಕುಳಿ ಎರಡನೆಯ ಸಲ ಉಗುಳಿತು ಎಂದು ಕೆಲವರು, ಬುಗ್ಗೆ ಹೊರಗಿನ ಧೂಳಿಗೆ ಬಡಿಯಿತು ಎಂದು ಕೆಲವರು ಕಚ್ಚಾಡಿದರು. ಕೊನೆಯ ತುಂಡು ಇದ್ದಿದ್ದರೆ ಯಾರು ಸರಿ ಎಂದು ಒಂದೇ ಮಾತಿನಲ್ಲಿ ತೀರುತ್ತಿತ್ತು. ದೀಪ ಹಾಕಿದ್ದಕ್ಕೆ ಹೊಗಳಿದವರು ಇದ್ದರು, ಹಳಹಳಿಸಿದವರೂ ಇದ್ದರು. ವಿಜ್ಞಾನ ದೊಡ್ಡದೋ ಜೀವ ದೊಡ್ಡದೋ ಎಂದು ಪತ್ರಿಕೆಗಳು ಚರ್ಚೆ ಹಚ್ಚಿದವು.

ಮುಂದಿನ ಗ್ರಾಮಸಭೆಗೆ ನೀಲಾಂಬಿಕಾ ತಾನಾಗಿಯೇ ಹೋದಳು. ಜನ ಉಗಿಯಲಿ, ಯಂತ್ರವನ್ನು ಕಿತ್ತು ಹೊಳೆಗೆ ಎಸೆಯಿರಿ ಎನ್ನಲಿ, ಎಲ್ಲಕ್ಕೂ ಸಿದ್ಧವಾಗಿದ್ದಳು. ನಡೆದದ್ದನ್ನು ಒಂದನ್ನೂ ಬಿಡದೆ ಹೇಳಿದಳು. ಹೇಳದೆ ಗುಂಡಿ ಒತ್ತಿದ್ದನ್ನು ಹೇಳಿದಳು, ನಿಂತುಬಿಟ್ಟ ಆ ಒಂದು ನಿಮಿಷವನ್ನೂ ಹೇಳಿದಳು. ಹಿಂದೆ ನಿಂತಿದ್ದ ಮಾರೆಪ್ಪ ಮುಖ ತಿರುಗಿಸಿಕೊಂಡ.

ಹಂಪವ್ವ ಎದ್ದು ಅವಳ ಮುಂದೆ ಬಂದು ನಿಂತಳು. "ಆ ಬೆಳಕು ಮತ್ತ ಬರ್ತೈತೇನ್ರಿ?"

"ಇಲ್ಲವ್ವ. ಅದು ಹೋತು. ಅಂಥಾದ್ದು ಇನ್ನೊಂದು ನಾ ಇರೂತನಕ ಬರಲಿಕ್ಕಿಲ್ಲ."

"ಮತ್ತ ಯಾಕ ಕೇಳಲಿಲ್ರಿ ನಮ್ಮನ್ನ?"

"ಬ್ಯಾಡ ಅಂತೀರಿ ಅಂತ ಅಂಜಿದೆ."

"ಅಯ್ಯ, ಹುಚ್ಚವ್ವ!" ಹಂಪವ್ವನಿಗೆ ಸಿಟ್ಟು ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. "ಗುರುಬಸಯ್ಯಗ ಒಂದ್ ಮಾತು ಹೇಳಿದ್ರ ನೀರ ಬಿಡ್ತಿದ್ದಿಲ್ಲ. ನನಗ ಒಂದ್ ಮಾತು ಹೇಳಿದ್ರ ನಾ ದಂಡಿಮ್ಯಾಲೆ ನಿಂತು ಮಾರೆಪ್ಪಗ ಕೂಗಿ ಹೇಳ್ತಿದ್ದೆ. ಕಲ್ಲಿನ ಮ್ಯಾಲೆ ಬುತ್ತಿ ಬಿಚ್ಚಿ ಉಂಡು ಹಾಡ ಹೇಳ್ಕೋತ ಕುಂದರ್ತಿದ್ರು. ಅರ್ಧ ತಾಸು ಯಾಕ, ಬೆಳ್ಳಬೆಳತನಕ ಕತ್ತಲು ಕೊಡ್ತಿದ್ವಿ. ಕೇಳಬೇಕಾಗಿತ್ತಲ್ಲ ಅಕ್ಕಾರ!"

ವಿಜ್ಞಾನಕ್ಕೂ ಜೀವಕ್ಕೂ ನಡುವೆ ಆರಿಸಬೇಕಾದ ಗಳಿಗೆ ತನಗೆ ಬಂತು ಎಂದು ನೀಲಾಂಬಿಕಾ ಪತ್ರಿಕೆಗಳವರ ಹಾಗೆಯೇ ತಿಳಿದಿದ್ದಳು. ಅಂಥ ಗಳಿಗೆ ಬರಬೇಕಾಗಿಯೇ ಇರಲಿಲ್ಲ. ಎರಡು ಫೋನು ಮಾಡಿದ್ದರೆ ಎರಡೂ ಉಳಿಯುತ್ತಿದ್ದವು.

ಯಂತ್ರವನ್ನು ಯಾರೂ ಕೀಳಲಿಲ್ಲ. ಗುಡ್ಡ, ಬ್ಯಾರೇಜು, ದಂಡೆ, ಆಸ್ಪತ್ರೆ, ನಾಲ್ಕೂ ಕಡೆಯಿಂದ ಹೂಂ ಎಂಬ ಮಾತು ಬಂದರೆ ಮಾತ್ರ ಕತ್ತಲು ಲಂಬಿಸಬೇಕು ಎಂದು ಸಭೆ ಕಟ್ಟಳೆ ಮಾಡಿತು. ಮಾರೆಪ್ಪ ಹೊಸ ಹರಿಗೋಲು ಹೆಣೆದ. ಅವನು ನೀಲಾಂಬಿಕಾಳ ಜೊತೆ ಮಾತಾಡಲು ಆಮೇಲೂ ಬಹಳ ಕಾಲ ಹಿಡಿಯಿತು.

ಇದೆಲ್ಲ ಇನ್ನು ಕೆಲವು ದಶಕದ ಮುಂದಿನ ಮಾತು. ಆ ಬೆಳಕು ಮಾತ್ರ ಹೊರಟು ಯಾವ ಕಾಲವಾಯಿತೋ. ನೀವು ಇದನ್ನು ಓದುತ್ತಿರುವ ಈ ಹೊತ್ತಿನಲ್ಲಿ ಅದು ನಮ್ಮ ಕಡೆಗೇ ಬರುತ್ತಿದೆ. ತನ್ನ ದಾರಿಯನ್ನು ಹೆ‌ಚ್ಚು ಕಡಿಮೆ ಪೂರ್ತಿ ಸವೆಸಿದೆ, ಕೊನೆಯ ತುಣುಕಷ್ಟೇ ಬಾಕಿ. ಗಾಳಿಗುಡ್ಡದ ಮೇಲೆ ಇನ್ನೂ ಕನ್ನಡಿಗಳಿಲ್ಲ, ದೀಪಗಳಲ್ಲಿ ಚಿಪ್ ಇಲ್ಲ. ಆ ಸಂಜೆ ಗುಂಡಿ ಒತ್ತಬೇಕಾದ ಹುಡುಗಿ ಈಗ ಯಾವುದೋ ಶಾಲೆಯಲ್ಲಿ ಅಕ್ಷರ ತಿದ್ದುತ್ತಿದ್ದಾಳೆ. ಮೊದಲು ಕೇಳಬೇಕಮ್ಮ ಎಂದು ಅವಳಿಗೆ ಹೇಳಿಕೊಡಲು ನಮಗೆ ಇನ್ನೂ ಹೊತ್ತಿದೆ.